ಕಣ್ಣಿನ ವ್ಯಾಯಾಮದಿಂದ ದೃಷ್ಟಿ ಸುಧಾರಿಸುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಕಣ್ಣಿನ ವ್ಯಾಯಾಮ ಮಾಡಿದರೆ ಕನ್ನಡಕ ಬಿಡಬಹುದೇ?

ಮೈನಸ್ ಪವರ್ (ದೂರದ್ದು ಮಸುಕು), ಪ್ಲಸ್ ಪವರ್ (ಹತ್ತಿರದ್ದು ಹೆಚ್ಚು ಕಷ್ಟ), ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಸಮವಿಲ್ಲದ್ದು), ಚಾಳೀಸು (ನಲವತ್ತರ ಮೇಲೆ ಹತ್ತಿರದ್ದು ಮಸುಕಾಗುವುದು): ಈ ನಾಲ್ಕರಲ್ಲಿ ಯಾವ ಕಾರಣಕ್ಕೆ ಕನ್ನಡಕ ಬಂದಿದ್ದರೂ ವ್ಯಾಯಾಮದಿಂದ ಅದನ್ನು ಬಿಡಲು ಆಗುವುದಿಲ್ಲ. ಹಾಗೆಂದು ಕಣ್ಣಿನ ವ್ಯಾಯಾಮವೆಲ್ಲ ಬುರುಡೆ ಎಂದು ತಳ್ಳಿಹಾಕುವುದೂ ಸರಿಯಲ್ಲ. ಎರಡು ಕಣ್ಣುಗಳ ಹೊಂದಾಣಿಕೆಯಲ್ಲಿ ತೊಡಕಿದ್ದರೆ, ಅದರಲ್ಲೂ ಓದುವಾಗ ಕಣ್ಣುಗಳು ಒಳಗೆ ತಿರುಗಿ ನಿಲ್ಲಲಾರದೆ ಜಾರುತ್ತಿದ್ದರೆ, ವ್ಯಾಯಾಮವೇ ಮೊದಲ ಚಿಕಿತ್ಸೆ. ತೊಂದರೆ ಕಣ್ಣಿನ ಆಕಾರದಲ್ಲಿದೆಯೋ, ಎರಡು ಕಣ್ಣುಗಳ ಹೊಂದಾಣಿಕೆಯಲ್ಲಿದೆಯೋ, ಮಿದುಳು ನೋಡಲು ಕಲಿತಿರುವ ರೀತಿಯಲ್ಲಿದೆಯೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಆಕಾರದ ತೊಂದರೆಗೆ ವ್ಯಾಯಾಮ ನಾಟುವುದಿಲ್ಲ, ಉಳಿದ ಎರಡಕ್ಕೆ ಕೆಲವು ಸಲ ನಾಟುತ್ತದೆ.

ಕೈಕಾಲಿನ ಸ್ನಾಯುಗಳಿಗೆ ವ್ಯಾಯಾಮದಿಂದ ಬಲ ಬರುತ್ತದೆ. ಕಣ್ಣಿನ ಸ್ನಾಯುಗಳಿಗೆ ಏಕೆ ಬರಬಾರದು?

ಬಂದರೂ ಪ್ರಯೋಜನವಿಲ್ಲ, ಏಕೆಂದರೆ ಪವರ್ ಬರುವುದು ಸ್ನಾಯುವಿನ ನಿಶ್ಶಕ್ತಿಯಿಂದಲ್ಲ. ಪ್ರತಿ ಕಣ್ಣಿನ ಹೊರಗೆ ಆರು ಸ್ನಾಯುಗಳಿವೆ. ಗುಡ್ಡೆಯನ್ನು ಬೇಕಾದ ಕಡೆಗೆ ತಿರುಗಿಸುವುದು ಅವುಗಳ ಕೆಲಸ. ನಾವು ಎಚ್ಚರವಿರುವಾಗ ಸೆಕೆಂಡಿಗೆ ಸುಮಾರು ಮೂರು ಸಲ ಕಣ್ಣು ಜಿಗಿಯುತ್ತಲೇ ಇರುತ್ತದೆ. ದಿನವಿಡೀ ಇಷ್ಟು ದುಡಿಯುವ ಸ್ನಾಯುಗಳಿಗೆ ಬೆಳಗ್ಗೆ ಐದು ನಿಮಿಷ ಎಡ-ಬಲ ತಿರುಗಿಸುವುದು ಲೆಕ್ಕಕ್ಕೇ ಬರುವುದಿಲ್ಲ.

ಬೆಳಕನ್ನು ಬಾಗಿಸಿ ಒಂದೆಡೆ ಸೇರಿಸುವ ಕೆಲಸ ಬೇರೆಯದು. ಕಣ್ಣಿನ ಒಟ್ಟು ಪವರ್ ಸುಮಾರು 60 ಡಯಾಪ್ಟರ್ (ಪವರ್ ಅಳೆಯುವ ಮಾನ). ಅದರಲ್ಲಿ 43ರಷ್ಟು ಮುಂಭಾಗದ ಪಾರದರ್ಶಕ ಪರದೆಯಾದ ಕಾರ್ನಿಯಾದ್ದು, ಉಳಿದದ್ದು ಒಳಗಿನ ಲೆನ್ಸಿನದು. ಹೀಗೆ ಬಾಗಿದ ಬೆಳಕು ಹಿಂಭಾಗದ ರೆಟಿನಾದ ಮೇಲೆ ಕರಾರುವಾಕ್ಕಾಗಿ ಕೂಡಬೇಕು. ವಯಸ್ಕರ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರ್. ಅದು ಒಂದೇ ಒಂದು ಮಿಲಿಮೀಟರ್ ಹೆಚ್ಚಾದರೂ ಎರಡೂವರೆಯಿಂದ ಮೂರು ಡಯಾಪ್ಟರ್ ಮೈನಸ್ ಬರುತ್ತದೆ. ಮೈನಸ್ 4 ಇರುವವರ ಗುಡ್ಡೆ ಸಾಮಾನ್ಯವಾಗಿ ಇರಬೇಕಾದ್ದಕ್ಕಿಂತ ಒಂದೂವರೆ ಮಿಲಿಮೀಟರಿನಷ್ಟು ಉದ್ದ ಬೆಳೆದಿರುತ್ತದೆ. ಹಾಗೆ ಬೆಳೆದ ಗುಡ್ಡೆಯನ್ನು ಕಣ್ಣು ಹೊರಳಿಸಿ ಕುಗ್ಗಿಸಲು ಬರುವುದಿಲ್ಲ. ವ್ಯಾಯಾಮದಿಂದ ಎತ್ತರ ಕಡಿಮೆ ಮಾಡಲು ಹೊರಟಂತೆ ಅದು.

ಕಣ್ಣಿನ ಒಳಗೂ ಒಂದು ಸ್ನಾಯು ಇದೆಯಲ್ಲ? ಅದನ್ನು ಪಳಗಿಸಬಹುದೇ?

ಇದೆ. ಸಿಲಿಯರಿ ಸ್ನಾಯು ಎನ್ನುತ್ತಾರೆ. ಹತ್ತಿರದ್ದನ್ನು ನೋಡುವಾಗ ಅದು ಬಿಗಿಯುತ್ತದೆ, ಲೆನ್ಸ್ ಉಬ್ಬುತ್ತದೆ, ಕಣ್ಣಿನ ಪವರ್ ಏರುತ್ತದೆ. ದೂರ ನೋಡುವಾಗ ಸಡಿಲವಾಗುತ್ತದೆ. 40 ಸೆಂಟಿಮೀಟರ್ ದೂರದ ಪುಸ್ತಕಕ್ಕೆ 2.5 ಡಯಾಪ್ಟರ್, 20 ಸೆಂಟಿಮೀಟರ್ ದೂರದ ಫೋನಿಗೆ 5 ಡಯಾಪ್ಟರ್ ಉಬ್ಬು ಬೇಕು.

ಈ ಸ್ನಾಯು ಪವರ್ ಕೂಡಿಸಬಲ್ಲದು, ಕಳೆಯಲಾರದು. ಮೈನಸ್ ಕಣ್ಣಿನಲ್ಲಿ ಸ್ನಾಯು ಪೂರ್ತಿ ಸಡಿಲವಾಗಿದ್ದಾಗಲೂ ಪವರ್ ಹೆಚ್ಚೇ ಇರುತ್ತದೆ. ಅದಕ್ಕಿಂತ ಹೆಚ್ಚು ಸಡಿಲಗೊಳಿಸಲು ಜಾಗವಿಲ್ಲ. ಅದನ್ನು ಎಷ್ಟು ಬಲಪಡಿಸಿದರೂ ದೂರದ ಬೋರ್ಡ್ ಸ್ಪಷ್ಟವಾಗದಿರುವುದು ಇದಕ್ಕೇ. ಪ್ಲಸ್ ಪವರ್ ಇರುವ ಚಿಕ್ಕ ವಯಸ್ಸಿನವರಿಗೆ ಈ ಸ್ನಾಯು ನೆರವಾಗುತ್ತದೆ, ಆದರೆ ಅದು ದಿನವಿಡೀ ಬಿಗಿದುಕೊಂಡೇ ಇರಬೇಕಾಗಿ ತಲೆನೋವು ಬರುತ್ತದೆ.

ಹಾಗಿದ್ದರೆ ಕಣ್ಣಿನ ವ್ಯಾಯಾಮದಿಂದ ಕನ್ನಡಕ ಬಿಡಿಸುವ ಮಾತು ಎಲ್ಲಿಂದ ಬಂತು?

ಬಹುಪಾಲು ನ್ಯೂಯಾರ್ಕಿನ ವೈದ್ಯ ವಿಲಿಯಂ ಬೇಟ್ಸ್ ಅವರಿಂದ. ಅವರು 1931ರಲ್ಲಿ ತೀರಿಕೊಂಡರು. ಫೋಕಸ್ ಬದಲಾಗುವುದು ಲೆನ್ಸಿನಿಂದಲ್ಲ, ಹೊರಗಿನ ಸ್ನಾಯುಗಳು ಗುಡ್ಡೆಯನ್ನು ಹಿಂಡುವುದರಿಂದ; ಮಾನಸಿಕ ಬಿಗಿತ ಕಳೆದರೆ ಹಿಂಡುವುದು ನಿಂತು ದೃಷ್ಟಿ ಮರಳುತ್ತದೆ ಎಂಬುದು ಅವರ ವಾದ. ಲೆನ್ಸ್ ಉಬ್ಬುವುದರಿಂದಲೇ ಫೋಕಸ್ ಬದಲಾಗುತ್ತದೆ ಎಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ವಿವರಿಸಿದ್ದರು. ಇಂದು ಅದನ್ನು ಸ್ಕ್ಯಾನಿನಲ್ಲಿ ಕಣ್ಣಾರೆ ನೋಡಬಹುದು. ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಸಹಜ ಲೆನ್ಸ್ ತೆಗೆದು ಸಾಧಾರಣ ಕೃತಕ ಲೆನ್ಸ್ ಕೂರಿಸಿದವರು ಹತ್ತಿರಕ್ಕೆ ಫೋಕಸ್ ಮಾಡುವ ಶಕ್ತಿ ಕಳೆದುಕೊಳ್ಳುತ್ತಾರೆ, ಹೊರಗಿನ ಆರೂ ಸ್ನಾಯುಗಳು ಸರಿಯಾಗಿದ್ದರೂ. ಬೇಟ್ಸ್ ವಾದ ಬೀಳಲು ಇದೊಂದೇ ಸಾಕು. ಆದರೂ ಅವರು ಹೇಳಿಕೊಟ್ಟ ಅಂಗೈಯಿಂದ ಕಣ್ಣು ಮುಚ್ಚುವುದು, ತೂಗಾಡುತ್ತ ನೋಡುವುದು, ಬಿಸಿಲಿಗೆ ಕಣ್ಣೊಡ್ಡುವುದು ಹೆಸರು ಬದಲಿಸಿಕೊಂಡು ಇಂದಿಗೂ ಕೋರ್ಸುಗಳಾಗಿ ಮಾರಾಟವಾಗುತ್ತಿವೆ.

ವ್ಯಾಯಾಮ ಮಾಡಿ ಪವರ್ ಇಳಿಸಿಕೊಂಡೆ ಎನ್ನುವವರೆಲ್ಲ ಸುಳ್ಳು ಹೇಳುತ್ತಾರೆಯೇ?

ಬಹುತೇಕರು ಪ್ರಾಮಾಣಿಕರೇ. ಅವರಿಗೆ ಏನೋ ಬದಲಾದದ್ದು ನಿಜ, ಕಾರಣ ಮಾತ್ರ ಬೇರೆ.

ಮೊದಲನೆಯದು, ಮಂಜಿಗೆ ಮಿದುಳು ಹೊಂದಿಕೊಳ್ಳುವುದು. ಕನ್ನಡಕ ತೆಗೆದು ಒಂದು ಗಂಟೆ ಓಡಾಡಿದರೆ ಮಸುಕಾದ ಆಕಾರಗಳನ್ನು ಗುರುತಿಸುವುದು ಮೊದಲಿಗಿಂತ ಸುಲಭವಾಗುತ್ತದೆ. ಚಾರ್ಟಿನಲ್ಲಿ ಒಂದೆರಡು ಸಾಲು ಹೆಚ್ಚೂ ಓದಬಹುದು. ಆಗ ಯಂತ್ರದಲ್ಲಿ ಪವರ್ ಅಳೆದರೆ ಮೊದಲು ಇದ್ದಷ್ಟೇ ಇರುತ್ತದೆ.

ಎರಡನೆಯದು ಕಣ್ಣು ಕಿರಿದು ಮಾಡಿ ನೋಡುವ ಅಭ್ಯಾಸ. ರೆಪ್ಪೆಯ ಸಂದು ಕಿರಿದಾದಷ್ಟೂ ಬೆಳಕಿನ ಕಿರಣಗಳು ಕಡಿಮೆ ಚದುರುತ್ತವೆ, ಅಕ್ಷರ ಚೂಪಾಗುತ್ತದೆ. ಎಷ್ಟೋ ಜನ ತಮಗೇ ಗೊತ್ತಿಲ್ಲದೆ ಹೀಗೆ ಮಾಡುತ್ತಾರೆ. ಗೋಡೆಗೆ ಅಂಟಿಸಿಕೊಂಡ ಒಂದೇ ಚಾರ್ಟನ್ನು ತಿಂಗಳುಗಟ್ಟಲೆ ಓದಿದವರಿಗೆ ಅಕ್ಷರಗಳು ಬಾಯಿಪಾಠವಾಗಿರುತ್ತವೆ ಎಂಬುದನ್ನೂ ಮರೆಯಬಾರದು.

ಮೂರನೆಯದು, ಸುಳ್ಳು ಮೈನಸ್. ಗಂಟೆಗಟ್ಟಲೆ ಹತ್ತಿರದ ಕೆಲಸ ಮಾಡಿದ ಕೆಲವರಲ್ಲಿ ಸಿಲಿಯರಿ ಸ್ನಾಯು ಬಿಗಿದೇ ಉಳಿದುಬಿಡುತ್ತದೆ. ಆಗ ಪರೀಕ್ಷಿಸಿದರೆ ಇಲ್ಲದ ಮೈನಸ್ ಕಾಣುತ್ತದೆ, ಇದ್ದದ್ದು ಹೆಚ್ಚಾಗಿ ಕಾಣುತ್ತದೆ. ವಿಶ್ರಾಂತಿಯಿಂದ ಅದು ಇಳಿದಾಗ ವ್ಯಾಯಾಮಕ್ಕೆ ಹೆಸರು ಬರುತ್ತದೆ. ಮಕ್ಕಳಿಗೆ ಮೊದಲ ಸಲ ಕನ್ನಡಕ ಬರೆಯುವ ಮುನ್ನ ಸೈಕ್ಲೋಪೆಂಟೊಲೇಟ್‌ನಂಥ ಹನಿ ಹಾಕಿ ಸ್ನಾಯುವನ್ನು ಸಡಿಲಿಸಿ ಅಳೆಯಬೇಕು ಎನ್ನುವುದು ಇದಕ್ಕೇ. ಹನಿ ಹಾಕಿದ ದಿನ ಪಾಪೆ ಅಗಲವಾಗಿ ಬೆಳಕು ಚುಚ್ಚುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಸಾಮಾನ್ಯವಾಗಿ ಒಂದು ದಿನದಲ್ಲಿ ಸರಿಹೋಗುತ್ತದೆ.

ಇವಲ್ಲದೆ, ಒಂದು ಅಳತೆಗೂ ಇನ್ನೊಂದಕ್ಕೂ ಕಾಲು ಡಯಾಪ್ಟರ್ ಹೆಚ್ಚುಕಡಿಮೆ ಬರುವುದು ಮಾಮೂಲು. ರಕ್ತದ ಸಕ್ಕರೆ ಏರಿಳಿದರೆ ಪವರ್ ಕೂಡ ಏರಿಳಿಯುತ್ತದೆ. ವಯಸ್ಸಾದವರಿಗೆ ಓದುವ ಕನ್ನಡಕ ಇದ್ದಕ್ಕಿದ್ದಂತೆ ಬೇಡವಾದರೆ ಸಂತೋಷಪಡುವ ಮುಂಚೆ ಪರೀಕ್ಷೆ ಮಾಡಿಸಿ. ಪೊರೆ ಬೆಳೆದು ಲೆನ್ಸ್ ಗಟ್ಟಿಯಾಗುವಾಗ ಮೈನಸ್ ಕೂಡಿಕೊಂಡು ಹೀಗಾಗುವುದುಂಟು.

ನನ್ನ ಮೈನಸ್ ಪವರ್ ನಿಜಕ್ಕೂ ಇಳಿದಿದೆಯೇ ಎಂದು ಮನೆಯಲ್ಲೇ ತಿಳಿಯುವ ದಾರಿ ಇದೆಯೇ?

ಇದೆ, ಒಂದು ಅಳತೆ ಟೇಪ್ ಸಾಕು. ಮೈನಸ್ ಕಣ್ಣಿಗೆ ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವ ದೂರಕ್ಕೆ ಒಂದು ಮಿತಿಯಿದೆ. ಆ ದೂರವನ್ನು ಸೆಂಟಿಮೀಟರಿನಲ್ಲಿ ಅಳೆದು 100ನ್ನು ಅದರಿಂದ ಭಾಗಿಸಿದರೆ ಪವರ್ ಸಿಗುತ್ತದೆ. 50 ಸೆಂಟಿಮೀಟರ್ ಬಂದರೆ ಮೈನಸ್ 2, 25 ಬಂದರೆ ಮೈನಸ್ 4.

ಒಂದೇ ದೀಪದ ಕೆಳಗೆ, ದಿನದ ಒಂದೇ ಹೊತ್ತಿಗೆ ಕೂರಿ. ಕನ್ನಡಕ ತೆಗೆದು ಒಂದು ಕಣ್ಣನ್ನು ಒತ್ತದೆ ಮುಚ್ಚಿ. ಟೇಪಿನ ಸೊನ್ನೆಯನ್ನು ಕಣ್ಣಿನ ಹೊರ ಮೂಲೆಗೆ ಹಿಡಿಯಿರಿ. ಪತ್ರಿಕೆಯ ಅತಿ ಸಣ್ಣ ಅಕ್ಷರವನ್ನು ಹತ್ತಿರದಿಂದ ನಿಧಾನವಾಗಿ ಹಿಂದಕ್ಕೆ ಸರಿಸಿ, ಅಂಚು ಮೊದಲ ಬಾರಿ ಮಸುಕಾಗುವ ಜಾಗದಲ್ಲಿ ನಿಲ್ಲಿಸಿ. ಓದಲು ಸಾಧ್ಯವೇ ಆಗದ ಜಾಗದವರೆಗೆ ಹೋಗಬೇಡಿ, ಎಲ್ಲರೂ ತಪ್ಪುವುದು ಅಲ್ಲೇ. ಕಣ್ಣು ಕಿರಿದು ಮಾಡಬೇಡಿ. ಮೂರು ಸಲ ಅಳೆದು ಸರಾಸರಿ ಬರೆದಿಟ್ಟುಕೊಳ್ಳಿ, ನಂತರ ಇನ್ನೊಂದು ಕಣ್ಣು.

ಮೈನಸ್ 4 ನಿಜಕ್ಕೂ 3.75 ಆದರೆ 25 ಸೆಂಟಿಮೀಟರ್ 26.7 ಆಗುತ್ತದೆ. ಮೈನಸ್ 2 ಇದ್ದದ್ದು 1.75 ಆದರೆ 50 ಹೋಗಿ 57 ಆಗುತ್ತದೆ. ಯಾವ ವ್ಯಾಯಾಮ ಆರಂಭಿಸುವ ಮುನ್ನವೂ ಈ ಅಂಕಿ ಬರೆದಿಟ್ಟು ಮೂರು ತಿಂಗಳ ಮೇಲೆ ಹೋಲಿಸಿ. ಸಿಲಿಂಡರ್ ಪವರ್ ಹೆಚ್ಚಿದ್ದವರಿಗೂ ಮೈನಸ್ 1ಕ್ಕಿಂತ ಕಡಿಮೆ ಇದ್ದವರಿಗೂ ಈ ವಿಧಾನ ನಂಬಲರ್ಹವಲ್ಲ. ಕನ್ನಡಕ ಬರೆಯಿಸಲು ಇದು ಆಧಾರವೂ ಅಲ್ಲ.

ಹಾಗಾದರೆ ವ್ಯಾಯಾಮ ನಿಜವಾಗಿ ಕೆಲಸ ಮಾಡುವುದು ಯಾವುದಕ್ಕೆ?

ಕಣ್ಣುಗಳು ಒಳಗೆ ತಿರುಗಿ ಕೂಡುವುದರಲ್ಲಿನ ಕೊರತೆಗೆ. ವೈದ್ಯರು ಇದನ್ನು ಕನ್ವರ್ಜೆನ್ಸ್ ಇನ್‌ಸಫಿಶಿಯೆನ್ಸಿ ಎಂದು ಬರೆಯುತ್ತಾರೆ. ಹತ್ತಿರದ ಪುಟ ನೋಡುವಾಗ ಎರಡೂ ಕಣ್ಣು ಮೂಗಿನ ಕಡೆ ತಿರುಗಿ ಒಂದೇ ಅಕ್ಷರದ ಮೇಲೆ ಕೂಡಬೇಕು. ಕೂಡದಿದ್ದರೆ ಸಾಲುಗಳು ತೇಲಾಡುತ್ತವೆ, ಅಕ್ಷರ ಎರಡಾಗುತ್ತದೆ, ಅರ್ಧ ಗಂಟೆ ಓದುವಷ್ಟರಲ್ಲಿ ಹಣೆ ನೋಯುತ್ತದೆ, ಒಂದು ಕಣ್ಣು ಮುಚ್ಚಿಕೊಂಡರೆ ಹಾಯೆನಿಸುತ್ತದೆ. ಇಂಥವರ ದೂರದ ದೃಷ್ಟಿ 6/6, ಅಂದರೆ ಪೂರ್ತಿ ಸರಿ, ಇರಬಹುದು. ಬರೀ ಚಾರ್ಟ್ ಓದಿಸಿ ಕಳಿಸಿದರೆ ತೊಂದರೆ ಪತ್ತೆಯೇ ಆಗುವುದಿಲ್ಲ. ಪೆನ್ನಿನ ತುದಿಯನ್ನು ಮೂಗಿನ ಕಡೆ ತಂದಾಗ 6 ಸೆಂಟಿಮೀಟರ್ ಅಥವಾ ಅದಕ್ಕಿಂತ ದೂರದಲ್ಲೇ ಎರಡಾಗಿ ಕಂಡರೆ ಅನುಮಾನಿಸಬೇಕು.

ಇದಕ್ಕೆ ಗಟ್ಟಿ ಪುರಾವೆ ಬಂದದ್ದು ಅಮೆರಿಕದಲ್ಲಿ 9ರಿಂದ 17 ವಯಸ್ಸಿನ 221 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಿಂದ. ವಾರಕ್ಕೊಮ್ಮೆ ಕ್ಲಿನಿಕ್‌ನಲ್ಲಿ ಒಂದು ಗಂಟೆ ತರಬೇತಿ, ಜೊತೆಗೆ ಮನೆ ಅಭ್ಯಾಸ ಮಾಡಿದವರಲ್ಲಿ 12 ವಾರಗಳ ಕೊನೆಗೆ ಶೇ. 73ರಷ್ಟು ಮಂದಿ ಗುಣವಾದರು ಅಥವಾ ಸುಧಾರಿಸಿದರು. ಮನೆಯಲ್ಲಿ ಪೆನ್ಸಿಲ್ ವ್ಯಾಯಾಮ ಮಾತ್ರ ಮಾಡಿದವರಲ್ಲಿ ಶೇ. 43, ಕಂಪ್ಯೂಟರ್ ಅಭ್ಯಾಸವನ್ನೂ ಸೇರಿಸಿಕೊಂಡು ಮನೆಯಲ್ಲೇ ಮಾಡಿದವರಲ್ಲಿ ಶೇ. 33, ಕ್ಲಿನಿಕ್‌ನಲ್ಲಿ ಹುಸಿ ತರಬೇತಿ (ಹೋಲಿಕೆಗೆಂದು ಕೊಟ್ಟ, ನಿಜದಂತೆ ತೋರುವ ನಾಟಕ) ಪಡೆದವರಲ್ಲಿ ಶೇ. 35. ಹುಸಿ ತರಬೇತಿಗೂ ಮೂವತ್ತೈದು ಎಂಬುದನ್ನು ಗಮನಿಸಿ. "ನನಗೆ ಗುಣವಾಯಿತು" ಎಂಬ ಮಾತಿನ ತೂಕ ಎಷ್ಟೆಂದು ಅದರಿಂದ ತಿಳಿಯುತ್ತದೆ.

ಪೆನ್ಸಿಲ್ ವ್ಯಾಯಾಮ ಸರಿಯಾಗಿ ಮಾಡುವುದು ಹೇಗೆ?

ಪೆನ್ಸಿಲಿನ ಮೇಲ್ತುದಿಯ ಬಳಿ ಸಣ್ಣದೊಂದು ಅಕ್ಷರ ಬರೆಯಿರಿ ಅಥವಾ ಅಂಟಿಸಿ. ಎದುರಿನ ಗೋಡೆಗೆ, ಸುಮಾರು 2 ಮೀಟರ್ ದೂರದಲ್ಲಿ, ಕಣ್ಣಿನ ಎತ್ತರಕ್ಕೆ ಒಂದು ಚೀಟಿ ಅಂಟಿಸಿ. ಚೀಟಿಯೇ ಈ ವ್ಯಾಯಾಮದ ಜೀವಾಳ. ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ.

ಓದುವ ಕನ್ನಡಕವಿದ್ದರೆ ಹಾಕಿಕೊಳ್ಳಿ. ಪೆನ್ಸಿಲನ್ನು ತೋಳಿನಳತೆ ದೂರದಲ್ಲಿ, ಎರಡು ಹುಬ್ಬುಗಳ ನಡುವಿನ ನೇರಕ್ಕೆ ಹಿಡಿದು ಅಕ್ಷರವನ್ನು ನೋಡಿ. ಅಕ್ಷರ ಒಂದಾಗಿಯೂ ಹಿಂದಿನ ಚೀಟಿ ಎರಡಾಗಿಯೂ ಕಾಣಬೇಕು. ಈಗ ಸೆಕೆಂಡಿಗೆ ಒಂದೆರಡು ಸೆಂಟಿಮೀಟರಿನಷ್ಟು ನಿಧಾನವಾಗಿ ಮೂಗಿನ ಕಡೆಗೆ ತನ್ನಿ. ಅಕ್ಷರ ಎರಡಾದ ಕೂಡಲೇ ನಿಲ್ಲಿಸಿ, ಒಂದು ಮಾಡಲು ಎರಡು ಮೂರು ಸೆಕೆಂಡ್ ಯತ್ನಿಸಿ. ಒಂದಾದರೆ ಮುಂದೆ ತನ್ನಿ, ಆಗದಿದ್ದರೆ ಒಂದಾಗುವವರೆಗೆ ಹಿಂದಕ್ಕೆ ಸರಿಸಿ ಮತ್ತೆ ಶುರು ಮಾಡಿ. 20 ಸಲಕ್ಕೆ ಒಂದು ಸುತ್ತು, ದಿನಕ್ಕೆ ಮೂರು ಸುತ್ತು, ವಾರಕ್ಕೆ ಐದು ದಿನ. ಒಟ್ಟು ಹದಿನೈದು ನಿಮಿಷದ ಕೆಲಸ. ಸುತ್ತುಗಳ ನಡುವೆ ಕಿಟಕಿಯಾಚೆ ನೋಡಿ.

ನಡುವೆ ಚೀಟಿ ಒಂದೇ ಆಗಿ ಕಂಡರೆ ಎಚ್ಚರ. ಮಿದುಳು ಒಂದು ಕಣ್ಣಿನ ಚಿತ್ರವನ್ನು ಅದುಮಿಟ್ಟಿದೆ ಎಂದರ್ಥ. ಆಗ ಅಕ್ಷರ ಎರಡಾಗುವುದೇ ಇಲ್ಲ, ಮೂಗಿನವರೆಗೂ ತಂದೆ ಎಂದು ಖುಷಿಯಾಗುತ್ತದೆ, ಆದರೆ ಕೆಲಸ ಮಾಡುತ್ತಿರುವುದು ಒಂದೇ ಕಣ್ಣು. ಹಾಗಾದಾಗ ನಿಲ್ಲಿಸಿ, ಎರಡೂ ಕಣ್ಣು ಬೇಗ ಬೇಗ ಮಿಟುಕಿಸಿ, ಚೀಟಿ ಮತ್ತೆ ಎರಡಾದ ಮೇಲೆ ಮುಂದುವರಿಸಿ. ಪದೇ ಪದೇ ಹೀಗಾಗುತ್ತಿದ್ದರೆ ಮನೆ ಅಭ್ಯಾಸ ಸಾಲದು. ಮೊದಲ ವಾರ ಕಣ್ಣು ಎಳೆದಂತೆ ಆಗುವುದು ಸಹಜ. ನಾಲ್ಕು ವಾರವಾದರೂ ಅಕ್ಷರ ಎರಡಾಗುವ ದೂರ ಕಡಿಮೆಯಾಗದಿದ್ದರೆ ತರಬೇತಿ ಕೊಡುವವರ ಬಳಿ ಹೋಗುವುದು ಲೇಸು.

ದಾರಕ್ಕೆ ಮಣಿ ಪೋಣಿಸಿ ಮಾಡುವ ವ್ಯಾಯಾಮ ಯಾವುದು?

ಬ್ರಾಕ್ ದಾರ. ಸುಮಾರು 3 ಮೀಟರ್ ಬಿಳಿ ದಾರಕ್ಕೆ ಮೂರು ಬಣ್ಣದ ಮಣಿ ಪೋಣಿಸಿ, ಒಂದು ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಇನ್ನೊಂದನ್ನು ಬಿಗಿಯಾಗಿ ಮೂಗಿನ ತುದಿಗೆ ಹಿಡಿಯಬೇಕು. ನೀವು ನೋಡುವ ಮಣಿಯ ಬಳಿ ಎರಡು ದಾರ ಅಡ್ಡ ಹಾಯ್ದಂತೆ ಕಾಣಬೇಕು, ಉಳಿದ ಮಣಿಗಳು ಎರಡೆರಡಾಗಿ ಕಾಣಬೇಕು. ದಾರಗಳು ಮಣಿಗಿಂತ ಆಚೆ ಕೂಡಿದರೆ ಕಣ್ಣುಗಳು ಸಾಕಷ್ಟು ಒಳಗೆ ತಿರುಗಿಲ್ಲ. ಈಚೆ ಕೂಡಿದರೆ ಹೆಚ್ಚು ತಿರುಗಿವೆ. ಒಂದೇ ದಾರ ಕಂಡರೆ ಒಂದು ಕಣ್ಣು ಕೆಲಸ ಬಿಟ್ಟಿದೆ. ಒಂದೊಂದು ಮಣಿಯ ಮೇಲೂ ಐದು ಸೆಕೆಂಡ್ ನಿಂತು ದೂರದಿಂದ ಹತ್ತಿರಕ್ಕೆ, ಹತ್ತಿರದಿಂದ ದೂರಕ್ಕೆ ಜಿಗಿಯಿರಿ. ಕಣ್ಣುಗಳು ಏನು ಮಾಡುತ್ತಿವೆ ಎಂಬುದನ್ನು ದಾರವೇ ತೋರಿಸಿಕೊಡುವುದರಿಂದ ಇದು ಪೆನ್ಸಿಲಿಗಿಂತ ಒಳ್ಳೆಯ ಗುರು.

ಸೋಮಾರಿ ಕಣ್ಣಿಗೆ ವ್ಯಾಯಾಮ ಆಗುತ್ತದೆಯೇ?

ಕಣ್ಣು ಹೊರಳಿಸುವ ವ್ಯಾಯಾಮ ಆಗುವುದಿಲ್ಲ. ಚಿಕ್ಕಂದಿನಲ್ಲಿ ಒಂದು ಕಣ್ಣಿನಿಂದ ಸ್ಪಷ್ಟ ಚಿತ್ರ ಸಿಗದೆ ಮಿದುಳು ಅದನ್ನು ಬಳಸುವುದನ್ನೇ ಕಲಿತಿರುವುದಿಲ್ಲ. ಆದ್ದರಿಂದ ಚಿಕಿತ್ಸೆಯೂ ಮಿದುಳಿಗೇ. ಮೊದಲು ಸರಿಯಾದ ಕನ್ನಡಕ, ಅದನ್ನು ಎಚ್ಚರವಿರುವ ಅಷ್ಟೂ ಹೊತ್ತು ಹಾಕಬೇಕು. ಕೆಲವು ಮಕ್ಕಳಿಗೆ ಕನ್ನಡಕವೊಂದರಿಂದಲೇ ಸರಿಹೋಗುತ್ತದೆ. ನಾಲ್ಕಾರು ತಿಂಗಳ ನಂತರ ಸುಧಾರಣೆ ನಿಂತರೆ ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಹಾಕುತ್ತಾರೆ. ಮಧ್ಯಮ ಮಟ್ಟದ ತೊಂದರೆಗೆ ದಿನಕ್ಕೆ 2 ಗಂಟೆಯ ಪಟ್ಟಿ 6 ಗಂಟೆಯಷ್ಟೇ ಫಲ ಕೊಟ್ಟಿದೆ. ತೀವ್ರ ತೊಂದರೆಗೆ 6 ಗಂಟೆಯ ಪಟ್ಟಿ ದಿನಪೂರ್ತಿ ಹಾಕಿದಷ್ಟೇ ಫಲ ಕೊಟ್ಟಿದೆ. ಪಟ್ಟಿ ಒಲ್ಲದ ಮಕ್ಕಳಿಗೆ ಚೆನ್ನಾಗಿರುವ ಕಣ್ಣಿಗೆ ಅಟ್ರೋಪಿನ್ ಹನಿ ಹಾಕಿ ಅದನ್ನು ಮಸುಕು ಮಾಡುವ ದಾರಿಯೂ ಇದೆ.

ಪಟ್ಟಿಯನ್ನು ಕನ್ನಡಕದ ಗಾಜಿಗೆ ಅಂಟಿಸಿದರೆ ಮಗು ಪಕ್ಕದಿಂದ ಇಣುಕುತ್ತದೆ. ಚರ್ಮಕ್ಕೇ ಅಂಟುವಂಥದು ಬೇಕು, ಅದರ ಮೇಲೆ ಕನ್ನಡಕ. ಪಟ್ಟಿಯ ಹೊತ್ತಿನಲ್ಲಿ ಬಣ್ಣ ತುಂಬುವುದು, ಓದುವುದು, ಸೂಜಿಗೆ ದಾರ ಹಾಕುವಂಥ ಹತ್ತಿರದ ಕೆಲಸ ಕೊಡಿ. ಏಳು ವರ್ಷದೊಳಗೆ ಫಲ ಹೆಚ್ಚು, ಹದಿಹರೆಯದಲ್ಲೂ ಕೆಲವರಿಗೆ ಸುಧಾರಿಸುತ್ತದೆ. ಪಟ್ಟಿ ಬಿಟ್ಟ ಮೇಲೆ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಮತ್ತೆ ಇಳಿಯುವುದರಿಂದ ಒಂದು ವರ್ಷವಾದರೂ ತಪಾಸಣೆ ಬಿಡಬಾರದು. ವೈದ್ಯರನ್ನು ಕೇಳದೆ ಗಂಟೆ ಹೆಚ್ಚಿಸಿದರೆ ಚೆನ್ನಾಗಿದ್ದ ಕಣ್ಣೂ ಮಂಕಾಗಬಹುದು.

ಮೆಳ್ಳೆಗಣ್ಣಿಗೆ?

ಆಗೊಮ್ಮೆ ಈಗೊಮ್ಮೆ ಹೊರಕ್ಕೆ ಜಾರುವ ಕಣ್ಣಿಗೆ ಸ್ವಲ್ಪ ಮಟ್ಟಿಗೆ ನೆರವಾಗಬಹುದು. ಸದಾ ತಿರುಗಿಯೇ ಇರುವ ಕಣ್ಣಿಗೆ ಕನ್ನಡಕ ಅಥವಾ ಶಸ್ತ್ರಚಿಕಿತ್ಸೆ. ವ್ಯಾಯಾಮ ಮಾಡುತ್ತ ವರ್ಷ ಕಳೆದರೆ ಮಗುವಿನ ಕಣ್ಣು ಸೋಮಾರಿಯಾಗುವ ಅಪಾಯವಿದೆ.

ನಲವತ್ತರ ಮೇಲೆ ಬರುವ ಚಾಳೀಸನ್ನು ತಡೆಯಬಹುದೇ?

ಆಗುವುದಿಲ್ಲ. ಇಲ್ಲಿ ಸೋಲುವುದು ಮುಖ್ಯವಾಗಿ ಲೆನ್ಸ್, ಸ್ನಾಯುವಲ್ಲ. ಹತ್ತರ ವಯಸ್ಸಿನಲ್ಲಿ ಸುಮಾರು 14 ಡಯಾಪ್ಟರಿನಷ್ಟು ಉಬ್ಬಬಲ್ಲ ಲೆನ್ಸ್ ವರ್ಷ ವರ್ಷವೂ ಗಟ್ಟಿಯಾಗುತ್ತ ನಲವತ್ತಕ್ಕೆ 5ರ ಆಸುಪಾಸಿಗೂ ಅರವತ್ತಕ್ಕೆ 1ಕ್ಕೂ ಇಳಿಯುತ್ತದೆ. ಓದುವ ಕನ್ನಡಕ ಹಾಕಿದ್ದರಿಂದ ಪವರ್ ಬೇಗ ಏರಿತು ಎನ್ನುವವರಿಗೆ ಅದು ಹಾಕದಿದ್ದರೂ ಏರುತ್ತಿತ್ತು. ಮೈನಸ್ 2ರಿಂದ 3 ಇರುವವರು ಐವತ್ತರಲ್ಲೂ ಕನ್ನಡಕ ತೆಗೆದು ಸಲೀಸಾಗಿ ಓದುತ್ತಾರೆ. ಅದು ಅವರ ಮೈನಸ್ಸಿನ ಕೊಡುಗೆ, ಯಾವ ಅಭ್ಯಾಸದ್ದೂ ಅಲ್ಲ.

ಮಕ್ಕಳ ಮೈನಸ್ ಪವರ್ ವರ್ಷ ವರ್ಷ ಏರುತ್ತಿದೆ. ವ್ಯಾಯಾಮ ಬೇಡವೆಂದರೆ ಏನು ಮಾಡಬೇಕು?

ಈ ಪ್ರಶ್ನೆಗೆ ಇಂದು ಒಳ್ಳೆಯ ಉತ್ತರಗಳಿವೆ. ಪೋಷಕರು ವ್ಯಾಯಾಮದ ವಿಡಿಯೋ ನೋಡುತ್ತ ಕಳೆಯುವ ವರ್ಷಗಳಲ್ಲೇ ಇವು ಹೆಚ್ಚು ಕೆಲಸ ಮಾಡುವುದು ಎಂಬುದೇ ಬೇಸರದ ಸಂಗತಿ. ಬಂದ ಪವರ್ ಇಳಿಯುವುದಿಲ್ಲ, ಏರುವ ವೇಗ ತಗ್ಗಿಸಬಹುದು.

ಬಯಲು ಬೆಳಕು ಮೊದಲನೆಯದು. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲೇ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಆಟ ಕೊಟ್ಟು ಮೂರು ವರ್ಷ ನೋಡಿದರು. ಆಡಿದ ಮಕ್ಕಳಲ್ಲಿ ಶೇ. 30.4ರಷ್ಟು ಮಂದಿಗೆ ಹೊಸದಾಗಿ ಮೈನಸ್ ಬಂತು, ಉಳಿದವರಲ್ಲಿ ಶೇ. 39.5. ಇದು 2015ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಟ್ಟು 2 ಗಂಟೆ ಹೊರಗಿರಬೇಕೆಂಬುದು ಈಗಿನ ಸಲಹೆ. ಆಟವೇ ಆಗಬೇಕೆಂದಿಲ್ಲ, ಮರದ ನೆರಳಾದರೂ ನಡೆದೀತು; ಮನೆಯೊಳಗಿನ ದೀಪಕ್ಕಿಂತ ಅಲ್ಲಿ ಬೆಳಕು ಎಷ್ಟೋ ಪಟ್ಟು ಹೆಚ್ಚು. ಅದೇ ಚೀನಾದಲ್ಲಿ 1963ರಿಂದ ಶಾಲಾ ಮಕ್ಕಳಿಗೆ ಕಣ್ಣಿನ ಸುತ್ತ ಒತ್ತಿ ನೀವುವ ವ್ಯಾಯಾಮ ಮಾಡಿಸುತ್ತ ಬಂದಿದ್ದಾರೆ. ತಲೆಮಾರುಗಳು ಅದನ್ನು ಮಾಡಿದರೂ ಮೈನಸ್ ಅಲ್ಲಿ ಏರುತ್ತಲೇ ಹೋಯಿತು.

ಎರಡನೆಯದು ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ, ರಾತ್ರಿಗೊಂದು. ಹಾಂಗ್‌ಕಾಂಗ್‌ನಲ್ಲಿ 4ರಿಂದ 12 ವರ್ಷದ ಮಕ್ಕಳಲ್ಲಿ ನಡೆದ ಅಧ್ಯಯನದಲ್ಲಿ ಶೇ. 0.05ರ ಹನಿ ಮೊದಲ ವರ್ಷದ ಏರಿಕೆಯನ್ನು ಮೂರರಲ್ಲಿ ಎರಡು ಪಾಲಿನಷ್ಟು ತಗ್ಗಿಸಿತು, ಶೇ. 0.01ರದ್ದು ಕಾಲು ಪಾಲಿಗಿಂತ ತುಸು ಹೆಚ್ಚು. ಹೆಚ್ಚು ಪ್ರಮಾಣದ್ದನ್ನು ತಟ್ಟನೆ ನಿಲ್ಲಿಸಿದರೆ ಪವರ್ ಮತ್ತೆ ವೇಗವಾಗಿ ಏರುವುದುಂಟು, ಆದ್ದರಿಂದ ವೈದ್ಯರ ನಿಗಾ ಬೇಕೇ ಬೇಕು. ಇವಲ್ಲದೆ ಅಂಚಿನಲ್ಲಿ ಬೇರೆ ಪವರ್ ಇರುವ ವಿಶೇಷ ಕನ್ನಡಕ, ಅಂಥದೇ ಕಾಂಟ್ಯಾಕ್ಟ್ ಲೆನ್ಸ್, ರಾತ್ರಿ ಹಾಕಿ ಬೆಳಗ್ಗೆ ತೆಗೆಯುವ ಆರ್ಥೋ-ಕೆ ಲೆನ್ಸ್ ಇವೆ. ಆರ್ಥೋ-ಕೆ ಹಾಕಿದವರಿಗೆ ಹಗಲಲ್ಲಿ ಕನ್ನಡಕ ಬೇಡ, ಏಕೆಂದರೆ ಕಾರ್ನಿಯಾ ತಾತ್ಕಾಲಿಕವಾಗಿ ಚಪ್ಪಟೆಯಾಗಿರುತ್ತದೆ. ಬಿಟ್ಟರೆ ಪವರ್ ಮರಳುತ್ತದೆ. ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆದರೆ ಕಾರ್ನಿಯಾಗೆ ಸೋಂಕು ತಗಲಿ ದೃಷ್ಟಿಯೇ ಹೋಗಬಹುದು.

ಬೇಕೆಂದೇ ಕಡಿಮೆ ಪವರಿನ ಕನ್ನಡಕ ಹಾಕಿದರೆ ಕಣ್ಣು ತಾನೇ ಸುಧಾರಿಸಿಕೊಳ್ಳುವುದಿಲ್ಲವೇ?

ಇಲ್ಲ. ಮಲೇಷ್ಯಾದಲ್ಲಿ ಮಕ್ಕಳಿಗೆ ಮುಕ್ಕಾಲು ಡಯಾಪ್ಟರ್ ಕಡಿಮೆ ಕೊಟ್ಟು ನೋಡಿದ ಅಧ್ಯಯನ 2002ರಲ್ಲಿ ಬಂತು. ಪೂರ್ತಿ ಪವರ್ ಹಾಕಿದವರಿಗಿಂತ ಅವರದ್ದೇ ಹೆಚ್ಚು ಏರಿತ್ತು. ಕನ್ನಡಕ ಹಾಕಿದರೆ ಕಣ್ಣು ಅವಲಂಬಿತವಾಗುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ಸ್ಪಷ್ಟತೆ ಕಂಡ ಮೇಲೆ ಮಂಜು ಸಹಿಸಲು ಮನಸ್ಸಾಗುವುದಿಲ್ಲ, ಅಷ್ಟೆ.

20-20-20 ನಿಯಮ ಪಾಲಿಸಿದರೆ ಪವರ್ ಇಳಿಯುತ್ತದೆಯೇ?

20 ನಿಮಿಷಕ್ಕೊಮ್ಮೆ 20 ಅಡಿ, ಅಂದರೆ 6 ಮೀಟರ್ ಆಚೆಗೆ 20 ಸೆಕೆಂಡ್ ನೋಡುವುದು ಆಯಾಸ ತಗ್ಗಿಸಲು. ಪವರಿಗೂ ಅದಕ್ಕೂ ಸಂಬಂಧವಿಲ್ಲ. ಸ್ಕ್ರೀನ್ ನೋಡುವಾಗ ಉರಿ, ಮರಳು ಬಿದ್ದಂತಾಗುವುದು, ನಡುನಡುವೆ ಮಂಜಾಗುವುದು ಇದ್ದರೆ ಹೆಚ್ಚಿನ ಸಲ ಕಾರಣ ಒಣಗಣ್ಣು. ಸ್ಕ್ರೀನಿನ ಮುಂದೆ ರೆಪ್ಪೆ ಮಿಟುಕಿಸುವುದು ಕಡಿಮೆಯಾಗುತ್ತದೆ, ಮಿಟುಕಿಸಿದರೂ ಅರ್ಧಕ್ಕೇ ನಿಲ್ಲುತ್ತದೆ.

ಇದಕ್ಕೆ ಮಾತ್ರ ರೆಪ್ಪೆಯ ವ್ಯಾಯಾಮ ಚೆನ್ನಾಗಿ ಒಪ್ಪುತ್ತದೆ: ಮೆಲ್ಲಗೆ ಕಣ್ಣು ಮುಚ್ಚಿ 2 ಸೆಕೆಂಡ್, ತೆರೆದು ಮತ್ತೆ ಮುಚ್ಚಿ 2 ಸೆಕೆಂಡ್, ಮುಚ್ಚಿದಂತೆಯೇ ಸ್ವಲ್ಪ ಬಿಗಿದು 2 ಸೆಕೆಂಡ್. ಕಡೆಯದನ್ನು ಮಾಡುವಾಗ ಕಣ್ಣಿನ ಹೊರ ಮೂಲೆಗೆ ಬೆರಳಿಟ್ಟರೆ ಸ್ನಾಯು ಸೆಳೆಯುವುದು ತಿಳಿಯುತ್ತದೆ. 20 ನಿಮಿಷಕ್ಕೊಮ್ಮೆ ಮಾಡಿ. ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳು ಕಟ್ಟಿಕೊಂಡಿದ್ದರೆ 40 ಡಿಗ್ರಿಯ ಬಿಸಿ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದರಿಂದ ಹತ್ತು ನಿಮಿಷ ಇಡಿ. ಬಟ್ಟೆ ಒಂದೆರಡು ನಿಮಿಷದಲ್ಲೇ ಆರುತ್ತದೆ, ಬದಲಿಸುತ್ತಿರಬೇಕು. ಮಾನಿಟರ್ ತೋಳಿನಳತೆ ದೂರದಲ್ಲಿರಲಿ, ಅದರ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಲಿ. ಕಣ್ಣು ಕಡಿಮೆ ತೆರೆದಷ್ಟೂ ಕಣ್ಣೀರು ಕಡಿಮೆ ಆರುತ್ತದೆ. ಫ್ಯಾನ್ ಗಾಳಿ ನೇರ ಮುಖಕ್ಕೆ ಬೇಡ.

ಅಂಗೈ ಮುಚ್ಚುವುದು, ತ್ರಾಟಕ, ಸೂರ್ಯನನ್ನು ನೋಡುವುದು: ಇವುಗಳಿಂದ ಹಾನಿಯಿದೆಯೇ?

ಅಂಗೈಗಳನ್ನು ಬಟ್ಟಲಿನಂತೆ ಮಾಡಿ ಕಣ್ಣು ಮುಚ್ಚಿಕೊಂಡರೆ ವಿಶ್ರಾಂತಿ ಸಿಗುತ್ತದೆ. ಗುಡ್ಡೆಯನ್ನು ಒತ್ತಬಾರದು, ಉಜ್ಜಬಾರದು. ಪದೇ ಪದೇ ಉಜ್ಜುವುದಕ್ಕೂ ಕಾರ್ನಿಯಾ ತೆಳುವಾಗಿ ಚೂಪಾಗುವ ಕೆರಟೋಕೋನಸ್ ರೋಗಕ್ಕೂ ನಂಟಿದೆ. ರೆಪ್ಪೆ ಮಿಟುಕಿಸದೆ ಒಂದು ಬಿಂದುವನ್ನು ನೋಡುವ ತ್ರಾಟಕ ಏಕಾಗ್ರತೆಯ ಅಭ್ಯಾಸವಾಗಿ ಸರಿಯೇ. ಅದರ ನಂತರ ಕಣ್ಣೀರು ತುಂಬಿ ಕೆಲಹೊತ್ತು ತಿಳಿಯಾಗಿ ಕಾಣಬಹುದು, ಪವರ್ ಬದಲಾಗುವುದಿಲ್ಲ. ಒಣಗಣ್ಣು ಇದ್ದವರಿಗೆ ಉರಿ ಹೆಚ್ಚುತ್ತದೆ.

ಸೂರ್ಯನನ್ನು ನೇರವಾಗಿ ನೋಡುವುದು ಮಾತ್ರ ಬೇಡವೇ ಬೇಡ, ಉದಯ-ಅಸ್ತಮಾನದ ಹೊತ್ತಿನಲ್ಲೂ. ರೆಟಿನಾದ ನಟ್ಟನಡುವಿನ ಭಾಗ ಸುಡುತ್ತದೆ. ರೆಟಿನಾಗೆ ನೋವು ತಿಳಿಯುವುದಿಲ್ಲವಾದ್ದರಿಂದ ಸುಡುವಾಗ ಗೊತ್ತಾಗುವುದಿಲ್ಲ, ಕೆಲವು ಗಂಟೆಗಳ ಮೇಲೆ ನೋಟದ ಮಧ್ಯದಲ್ಲಿ ಕಲೆ ಕಾಣುತ್ತದೆ. ಕೆಲವರಿಗೆ ಅದು ಹೋಗುವುದೇ ಇಲ್ಲ. ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಇರುವವರು ಶೀರ್ಷಾಸನದಂಥ ತಲೆಕೆಳಗಿನ ಭಂಗಿಗಳನ್ನು ಬಿಡಬೇಕು. ಆ ಭಂಗಿಯಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ದುಪ್ಪಟ್ಟಾಗುತ್ತದೆ.

ಸಣ್ಣ ತೂತುಗಳ ಕಪ್ಪು ಕನ್ನಡಕ ಹಾಕಿದ ಕೂಡಲೇ ಸ್ಪಷ್ಟವಾಗಿ ಕಾಣುತ್ತದಲ್ಲ?

ಕಾಣುತ್ತದೆ, ತೆಗೆದ ಕೂಡಲೇ ಹೋಗುತ್ತದೆ. ಕಣ್ಣು ಕಿರಿದು ಮಾಡುವುದರ ಇನ್ನೊಂದು ರೂಪ ಅದು. ನೇತ್ರತಜ್ಞರು ಇದೇ ತೂತನ್ನು ಪರೀಕ್ಷೆಗೆ ಬಳಸುತ್ತಾರೆ: ತೂತಿನಲ್ಲಿ ಸ್ಪಷ್ಟವಾದರೆ ಕನ್ನಡಕದಿಂದ ಸರಿಹೋಗುವ ತೊಂದರೆ, ಆಗದಿದ್ದರೆ ಬೇರೆ ಕಾಯಿಲೆಯ ಅನುಮಾನ. ಹಾಕಿಕೊಂಡು ವಾಹನ ಓಡಿಸಬೇಡಿ, ಪಕ್ಕದ ನೋಟ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ಮೊಬೈಲ್ ಆ್ಯಪ್‌ಗಳಲ್ಲಿ ಮಸುಕು ಪಟ್ಟೆಗಳನ್ನು ಗುರುತಿಸುವ ತರಬೇತಿ ಬರುತ್ತದೆ. ಅದೂ ಸುಳ್ಳೇ?

ಪೂರ್ತಿ ಸುಳ್ಳಲ್ಲ. ಗೇಬರ್ ಪಟ್ಟೆಗಳೆಂಬ ಈ ಚಿತ್ರಗಳಲ್ಲಿ ವಾರಗಟ್ಟಲೆ ಪಳಗಿದರೆ ಮಿದುಳು ಮಸುಕು ಚಿತ್ರದಿಂದ ಹೆಚ್ಚು ಮಾಹಿತಿ ಹೆಕ್ಕುವುದನ್ನು ಕಲಿಯುತ್ತದೆ ಎಂದು ಹಲವು ಪ್ರಯೋಗಗಳು ತೋರಿಸಿವೆ. ಚಾರ್ಟಿನಲ್ಲಿ ಒಂದೆರಡು ಸಾಲಿನ ಲಾಭ ಸಿಗಬಹುದು. ಕಣ್ಣಿನ ಪವರ್, ಗುಡ್ಡೆಯ ಉದ್ದ ಹಾಗೇ ಇರುತ್ತವೆ. ಹೆಚ್ಚು ಮೈನಸ್ ಇರುವವರಿಗೆ ರೆಟಿನಾ ಹರಿಯುವ ಅಪಾಯವೂ ಹಾಗೇ ಇರುತ್ತದೆ.

ಓದಿನಲ್ಲಿ ಹಿಂದಿರುವ ಮಗುವಿಗೆ ಕಣ್ಣಿನ ತರಬೇತಿ ಕೊಡಿಸಿದರೆ ಅಂಕ ಹೆಚ್ಚುತ್ತದೆಯೇ?

ಕಣ್ಣು ಕೂಡುವ ತೊಂದರೆಯಿದ್ದ ಮುನ್ನೂರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿಜವಾದ ತರಬೇತಿ ಪಡೆದವರ ಓದಿನ ಗ್ರಹಿಕೆ ಹುಸಿ ತರಬೇತಿ ಪಡೆದವರಿಗಿಂತ ಹೆಚ್ಚೇನೂ ಸುಧಾರಿಸಲಿಲ್ಲ. ಕಣ್ಣಿಗೆ ತೊಂದರೆಯಿದ್ದರೆ ಕಣ್ಣಿಗೆ ಚಿಕಿತ್ಸೆ ಕೊಡಿಸಿ. ಅಕ್ಷರ ಗುರುತಿಸಿ ಓದುವುದೇ ಕಷ್ಟವಾಗುವ ಡಿಸ್ಲೆಕ್ಸಿಯಾ ಇರುವ ಮಗುವಿಗೆ ಬೇಕಾದದ್ದು ಓದು ಕಲಿಸುವ ವಿಶೇಷ ಬೋಧನೆ.

ವ್ಯಾಯಾಮ ಬದಿಗಿಟ್ಟು ಕೂಡಲೇ ವೈದ್ಯರ ಬಳಿ ಓಡಬೇಕಾದ ಲಕ್ಷಣಗಳು ಯಾವುವು?

ಒಮ್ಮೆಗೇ ದೃಷ್ಟಿ ಇಳಿದರೆ, ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳ ಮಳೆ ಸುರಿದಂತೆ ಕಂಡರೆ, ಒಂದು ಬದಿಯಿಂದ ಪರದೆ ಎಳೆದಂತಾದರೆ, ನೋವಿನ ಜೊತೆ ಕಣ್ಣು ಕೆಂಪಾಗಿ ದೀಪದ ಸುತ್ತ ಬಣ್ಣದ ಬಳೆ ಕಂಡರೆ, ಇದ್ದಕ್ಕಿದ್ದಂತೆ ಎಲ್ಲವೂ ಎರಡಾಗಿ ಕಂಡರೆ ಅದೇ ದಿನ ತೋರಿಸಬೇಕು. ಮಗುವಿನ ಫೋಟೋದಲ್ಲಿ ಒಂದು ಪಾಪೆ ಬೆಳ್ಳಗೆ ಕಂಡರೂ ತಡಮಾಡಬೇಡಿ.

ಹಣ ಕೊಟ್ಟು ದೃಷ್ಟಿ ತರಬೇತಿಗೆ ಸೇರುವ ಮುಂಚೆ ಏನು ಕೇಳಬೇಕು?

ನನ್ನ ತೊಂದರೆಯ ಹೆಸರೇನು? ಯಾವ ಅಳತೆಯಿಂದ ಗೊತ್ತಾಯಿತು, ಈಗ ಆ ಅಂಕಿ ಎಷ್ಟು? 12 ವಾರಗಳ ಮೇಲೆ ಅದು ಎಷ್ಟಾಗಬೇಕು, ಆಗದಿದ್ದರೆ ಮುಂದೇನು? ಮನೆಯಲ್ಲಿ ಎಷ್ಟು ನಿಮಿಷ? "ಕಣ್ಣು ಕೂಡುವ ಬಿಂದು 14 ಸೆಂಟಿಮೀಟರಿನಲ್ಲಿದೆ, 6ರೊಳಗೆ ತರಬೇಕು" ಎಂಬಂಥ ಉತ್ತರ ಬಂದರೆ ಸೇರಬಹುದು. "ಎಲ್ಲರ ಪವರೂ ಇಳಿಯುತ್ತದೆ, ಕನ್ನಡಕ ಇವತ್ತೇ ತೆಗೆದಿಡಿ" ಎಂದರೆ ಎದ್ದು ಬನ್ನಿ, ಕನ್ನಡಕ ಹಾಕಿಕೊಂಡೇ.